ಟೆಂಪ್ಸ್‌ಫರ್ಡ್ ಚರ್ಚಿಗೆ ಹೋಗಿದ್ದೆ, ನೂರ್ ಇನಾಯತ್ ಖಾನ್ ಅವರನ್ನು ಹುಡುಕಿಕೊಂಡು

ಗಂಜಾಂ ಹುಡುಗಿ:

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನೂರು ಶ್ರೀರಂಗಪಟ್ಟಣದ ಗಂಜಾಂ. ಟಿಪ್ಪು ಸಮಾಧಿ ಇರುವ ಗುಂಬಜ್ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಈಗ ಆರು ವರ್ಷದಿಂದ ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿದ್ದೇನೆ. ಟಿಪ್ಪು ವಂಶದ ಒಬ್ಬ ಹೆಣ್ಣುಮಗಳು ಎರಡನೇ ಮಹಾಯುದ್ಧದಲ್ಲಿ ಗೂಢಚಾರಿಣಿಯಾಗಿ ಫ್ರಾನ್ಸಿಗೆ ಹೋಗಿ ಪ್ರಾಣ ಕೊಟ್ಟರು ಅಂತ ಶಾಲೆಯಲ್ಲಿದ್ದಾಗಲೇ ಕೇಳಿದ್ದೆ. ಅವರೇ ನೂರ್ ಇನಾಯತ್ ಖಾನ್. ಅವರು ವಿಮಾನ ಹತ್ತಿದ್ದು ಟೆಂಪ್ಸ್‌ಫರ್ಡ್ ಅನ್ನೋ ಹಳ್ಳಿಯಿಂದ ಅಂತ ಇಲ್ಲಿ ಒಬ್ಬರು ಹೇಳಿದರು. ನಾನಿರುವ ಜಿಲ್ಲೆಯಲ್ಲೇ ಇರುವ ಊರು! ಆ ವಾರವೇ ಹೊರಟೆ.

ಚಿಕ್ಕ ಊರು. ಗ್ರೇಟ್ ಊಸ್ ನದಿಗೆ ಐವೆಲ್ ಅನ್ನೋ ಇನ್ನೊಂದು ನದಿ ಬಂದು ಸೇರುವುದು ಅಲ್ಲೇ. ಸಂಗಮದ ಪಕ್ಕ ಬೆಳೆದವಳಿಗೆ ಅದನ್ನು ನೋಡಿದ ಕೂಡಲೇ ಮನಸ್ಸು ಹಗುರವಾಯಿತು. ಊರಿನಲ್ಲಿ ಸೇಂಟ್ ಪೀಟರ್ ಚರ್ಚು. ಯುದ್ಧಕಾಲದಲ್ಲಿ ಗೂಢಚಾರರಾಗಿ ಹೋದ ಹೆಂಗಸರ ನೆನಪಿಗೆ ಊರಲ್ಲೊಂದು ಸ್ಮಾರಕ ನಿಲ್ಲಿಸಿದ್ದಾರೆ. 2013ರ ಡಿಸೆಂಬರ್ 3ರಂದು, ಆಗ ಯುವರಾಜರಾಗಿದ್ದ ಚಾರ್ಲ್ಸ್ ಅದನ್ನು ಅನಾವರಣ ಮಾಡಿದರು. ನಾನು ಹೂವು ತೆಗೆದುಕೊಂಡು ಹೋಗಿದ್ದೆ. ಇಟ್ಟೆ. ಸ್ವಲ್ಪ ಹೊತ್ತು ನಿಂತೆ.

ಆಮೇಲೆ ಚರ್ಚಿನೊಳಗೆ ಹೋದೆ. ಅಲ್ಲಿ ಇನ್ನೊಂದು ನೆನಪು ಕಾದಿತ್ತು: ಟೆಂಪ್ಸ್‌ಫರ್ಡ್ ಏರ್‌ಫೀಲ್ಡಿನಿಂದ ಹಾರಿ ಮರಳಿ ಬರದವರದು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ 138 ಮತ್ತು 161ನೇ ಸ್ಕ್ವಾಡ್ರನ್‌ಗಳು, ಅಂದರೆ ವಿಮಾನ ದಳಗಳು. ಗೂಢಚಾರರನ್ನು ಕತ್ತಲಲ್ಲಿ ಕರೆದುಕೊಂಡು ಹೋಗಿ ಇಳಿಸಿ ಬರುವುದೇ ಇವರ ಕೆಲಸ. ನೂರ್ ಬಗ್ಗೆ ಎಷ್ಟೋ ಓದಿದ್ದೇನೆ. ಅವರನ್ನು ಕರೆದುಕೊಂಡು ಹೋದವರು ಯಾರು ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ. ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ, ಈ ಪೈಲಟ್‌ಗಳ ಕೆಲಸ ಹೇಗಿರುತ್ತಿತ್ತು?

ಜಾಲಹಳ್ಳಿ ಮಾವ:

ತುಂಬಾ ಒಳ್ಳೆ ಕೆಲಸ ಮಾಡಿದೆಯಮ್ಮ. ನಾನು ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಇದ್ದವನು. ಹಳೆಯ ವಿಮಾನಗಳ ಬಗ್ಗೆ ಓದುವುದೇ ನನ್ನ ಹವ್ಯಾಸ. ಕೇಳಿದೆ ಅಂತ ಹೇಳ್ತೀನಿ.

ಮೊದಲು ಒಂದು ತಿದ್ದುಪಡಿ. ನೂರ್ ಹೊರಟಿದ್ದು ಟೆಂಪ್ಸ್‌ಫರ್ಡ್‌ನಿಂದ ಅಲ್ಲ. 1943ರ ಜೂನ್ 16ರ ರಾತ್ರಿ, ದಕ್ಷಿಣ ಕರಾವಳಿಯ ಟ್ಯಾಂಗ್‌ಮಿಯರ್ ಅನ್ನೋ ಏರ್‌ಫೀಲ್ಡಿನಿಂದ. ಆದರೆ ಕರೆದುಕೊಂಡು ಹೋದವರು ನೀನು ನೋಡಿ ಬಂದ 161ನೇ ಸ್ಕ್ವಾಡ್ರನ್‌ನವರೇ. ಅವರ ಮನೆ ಟೆಂಪ್ಸ್‌ಫರ್ಡ್. ಬೆಳದಿಂಗಳ ದಿನಗಳು ಬಂದಾಗ ಚಿಕ್ಕ ವಿಮಾನಗಳನ್ನು ತೆಗೆದುಕೊಂಡು ಟ್ಯಾಂಗ್‌ಮಿಯರ್‌ಗೆ ಹೋಗುತ್ತಿದ್ದರು. ಅಲ್ಲಿಂದ ಫ್ರಾನ್ಸ್ ಹತ್ತಿರ, ಪೆಟ್ರೋಲ್ ಉಳಿಯುತ್ತಿತ್ತು. ಹಾಗಾಗಿ ನೀನು ತಪ್ಪು ಊರಿಗೇನೂ ಹೋಗಿಲ್ಲ.

ಆ ಚಿಕ್ಕ ವಿಮಾನದ ಹೆಸರು ಲೈಸಾಂಡರ್. ಒಂದೇ ಎಂಜಿನ್, ರೆಕ್ಕೆ ತಲೆಯ ಮೇಲೆ. ದೂರ ಹೋಗಲೆಂದು ಹೊಟ್ಟೆಯ ಕೆಳಗೆ ದೊಡ್ಡ ಪೆಟ್ರೋಲ್ ಟ್ಯಾಂಕ್ ಕಟ್ಟಿದ್ದರು. ಬೇಗ ಹತ್ತಿ ಇಳಿಯಲಿಕ್ಕೆ ಎಡಗಡೆ ಒಂದು ಏಣಿಯನ್ನು ಕಾಯಂ ಕೂರಿಸಿದ್ದರು. ಭಾರ ಇಳಿಸಲು ಬಂದೂಕುಗಳನ್ನೆಲ್ಲ ತೆಗೆದಿದ್ದರು. ಪೈಲಟ್ ಒಬ್ಬನೇ. ದಾರಿ ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ತೊಡೆಯ ಮೇಲೆ ನಕ್ಷೆ, ಕೆಳಗೆ ಬೆಳದಿಂಗಳಿಗೆ ಹೊಳೆಯುವ ನದಿ. ನದಿಯ ತಿರುವು ನೋಡಿಕೊಂಡೇ ದಾರಿ ಹಿಡಿಯಬೇಕು. ಅದಕ್ಕೇ ಹುಣ್ಣಿಮೆಯ ಆಚೀಚೆಯ ದಿನಗಳಲ್ಲಿ ಮಾತ್ರ ಹೋಗುತ್ತಿದ್ದರು.

ಇಳಿಯುವ ಜಾಗ ಯಾವುದೋ ಹೊಲ. ಕೆಳಗಿದ್ದವರು ಮೂರು ಟಾರ್ಚುಗಳನ್ನು ಮೂಲೆಮಟ್ಟದ ಆಕಾರದಲ್ಲಿ ಇಟ್ಟಿರುತ್ತಿದ್ದರು. ಅಷ್ಟೇ ರನ್‌ವೇ. ಮೊದಲೇ ಮಾತಾಡಿಕೊಂಡ ಅಕ್ಷರವನ್ನು ಅವರು ಮೋರ್ಸ್‌ನಲ್ಲಿ, ಅಂದರೆ ಚುಕ್ಕೆ ಗೆರೆಗಳ ಸಂಕೇತದಲ್ಲಿ, ಮಿಣುಕಿಸಬೇಕು. ಅಕ್ಷರ ತಪ್ಪಿದರೆ ಇಳಿಯುವಂತಿಲ್ಲ. ಇಳಿದ ಮೇಲೆ ಎಂಜಿನ್ ನಿಲ್ಲಿಸುವುದಿಲ್ಲ. ಬಂದವರು ಇಳಿದು, ಹೋಗುವವರು ಹತ್ತಿ, ಮೂರು ನಾಲ್ಕು ನಿಮಿಷದಲ್ಲಿ ಮತ್ತೆ ಆಕಾಶದಲ್ಲಿ. ಜರ್ಮನ್ನರ ಕೈಯಲ್ಲಿದ್ದ ದೇಶದಲ್ಲಿ ಇಷ್ಟೆಲ್ಲ.

ಇನ್ನೊಂದು ಮಾತು. ಇದೇ ಲೈಸಾಂಡರನ್ನು ನಮ್ಮವರೂ ಹಾರಿಸಿದ್ದಾರೆ. 1942ರ ಆರಂಭದಲ್ಲಿ ನಮ್ಮ ಏರ್‌ಫೋರ್ಸಿನ 1ನೇ ಸ್ಕ್ವಾಡ್ರನ್, ಮಜುಂದಾರ್ ಅವರ ಮುಂದಾಳತ್ವದಲ್ಲಿ ಬರ್ಮಾದ ಟೌಂಗೂಗೆ ಹೋಗಿದ್ದು ಇದರಲ್ಲೇ. ಈ ನಿಧಾನದ ವಿಮಾನಕ್ಕೆ ಬಾಂಬು ಕಟ್ಟಿಕೊಂಡು ಜಪಾನಿನವರ ನೆಲೆಯ ಮೇಲೆ ಎರಗಿದರು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಉಬ್ಬುತ್ತದೆ.

ಸಣ್ಣ ಪ್ರಶ್ನೆ:

ಮಾವ, ಅಕ್ಕ, ನಾನು ಪಿಯುಸಿ ವಿದ್ಯಾರ್ಥಿ. ಒಂದು ಅನುಮಾನ. ಏರ್‌ಫೀಲ್ಡಿನಲ್ಲಿ ಸತ್ತವರ ನೆನಪನ್ನು ಏರ್‌ಫೀಲ್ಡಿನಲ್ಲೇ ಇಡಬಹುದಿತ್ತಲ್ವಾ? ಚರ್ಚಿನಲ್ಲಿ ಯಾಕೆ?

ಗಂಜಾಂ ಹುಡುಗಿ:

ಒಳ್ಳೆ ಪ್ರಶ್ನೆ ತಮ್ಮಾ. ಏರ್‌ಫೀಲ್ಡೇ ಈಗ ಇಲ್ಲ. ಯುದ್ಧಕ್ಕೆಂದು ಹೊಲಗಳ ಮೇಲೆ ಕಟ್ಟಿದ್ದು, ಯುದ್ಧ ಮುಗಿದ ಮೇಲೆ ಮತ್ತೆ ಹೊಲವಾಯಿತು. ನಾನು ಹೋದಾಗ ಉತ್ತ ಮಣ್ಣಿನ ನಡುವೆ ಅಲ್ಲಲ್ಲಿ ಕಾಂಕ್ರೀಟಿನ ತುಂಡು ರಸ್ತೆ ಮಾತ್ರ ಕಂಡಿತು. ಅದರ ಮೇಲೆ ಟ್ರ್ಯಾಕ್ಟರ್ ಓಡಾಡುತ್ತಿತ್ತು. ಅಲ್ಲಿದ್ದ ಹುಡುಗರು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋಲೆಂಡ್, ಚೆಕ್ ನಾಡು ಅಂತ ಎಲ್ಲೆಲ್ಲಿಂದಲೋ ಬಂದವರು. ಬದುಕಿದವರು ಯುದ್ಧ ಮುಗಿದ ಮೇಲೆ ಅವರವರ ದಾರಿ ಹಿಡಿದರು. ಆ ಜಾಗದಲ್ಲೇ ಉಳಿದವರು ಹಳ್ಳಿಯವರು ಮಾತ್ರ. ಹಳ್ಳಿಯವರ ಹತ್ತಿರ ಇದ್ದ, ಯಾರೂ ಕೆಡವದ ಒಂದೇ ಕಟ್ಟಡ ಚರ್ಚು.

ಏರ್‌ಫೀಲ್ಡ್ ಇದ್ದ ಜಾಗದಲ್ಲೂ ಒಂದು ಕಟ್ಟಡ ಉಳಿದಿದೆ. ಜಿಬ್ರಾಲ್ಟರ್ ಫಾರ್ಮ್ ಅನ್ನೋ ರೈತರ ಮನೆಗೆ ಸೇರಿದ ಕಣಜ. ಮರದ ಹಲಗೆಯ ಗೋಡೆ. ಮೇಲಿನಿಂದ ನೋಡುವ ಶತ್ರುವಿಗೆ ಪಾಳುಬಿದ್ದ ತೋಟದ ಮನೆಯಂತೆ ಕಾಣಬೇಕು ಅಂತ ಬೇಕೆಂದೇ ಹಾಗೆ ಬಿಟ್ಟಿದ್ದರು. ಗೂಢಚಾರರು ವಿಮಾನ ಹತ್ತುವ ಮೊದಲು ಬರುತ್ತಿದ್ದ ಕೊನೆಯ ಜಾಗ ಅದು. ಇಲ್ಲಿ ಅವರ ಜೇಬುಗಳನ್ನೆಲ್ಲ ತಡಕಿ ನೋಡುತ್ತಿದ್ದರು. ಒಂದು ಲಂಡನ್ ಬಸ್ ಟಿಕೆಟ್ ಉಳಿದಿದ್ದರೂ ಜೀವಕ್ಕೆ ಅಪಾಯ. ಪ್ಯಾರಾಚೂಟ್ ಕಟ್ಟಿಕೊಡುತ್ತಿದ್ದರು. ಬೇಕು ಅಂದವರಿಗೆ ವಿಷದ ಗುಳಿಗೆಯನ್ನೂ ಕೊಡುತ್ತಿದ್ದರು. ಈಗ ಒಳಗೆ ಫಲಕಗಳಿವೆ, ಜನ ಇಟ್ಟುಹೋದ ಹೂವಿನ ಹಾರಗಳಿವೆ. ನಾನು ಹೋದ ದಿನ ಒಬ್ಬರೂ ಇರಲಿಲ್ಲ. ಹಲಗೆಗಳ ಸಂದಿಯಿಂದ ಗಾಳಿ ನುಗ್ಗುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಕೊಡಗಿನ ಕಾಫಿ:

ಚರ್ಚು ಯಾಕೆ ಅನ್ನೋದಕ್ಕೆ ನನ್ನ ಕಡೆಯಿಂದ ಒಂದು ಮಾತು. ನನ್ನ ತಾತನ ಅಣ್ಣ ಬರ್ಮಾ ಯುದ್ಧಕ್ಕೆ ಹೋದವರು ಬರಲಿಲ್ಲ. ದೇಹವೂ ಸಿಗಲಿಲ್ಲ. ಒಂದು ತಂತಿ ಬಂತು, ಅಷ್ಟೇ. ನಮ್ಮ ಐನ್‌ಮನೆಯ (ಮನೆತನದ ಮೂಲ ಮನೆ) ಹತ್ತಿರ ಕೈಮಡ ಇದೆ, ಹಿರಿಯರಿಗೆ ದೀಪ ಇಡುವ ಗುಡಿ. ಅಲ್ಲಿ ಹೆಸರು ಹೇಳುವಾಗ ಅವರ ಹೆಸರನ್ನೂ ಇವತ್ತಿಗೂ ಸೇರಿಸುತ್ತಾರೆ. ನಮ್ಮ ಅಜ್ಜಿ ಇರುವವರೆಗೂ ಆ ಹೆಸರಿಗೆ ಬಂದಾಗ ದನಿ ಸ್ವಲ್ಪ ತಗ್ಗುತ್ತಿತ್ತು. ಆ ಚರ್ಚೂ ಅಲ್ಲಿನವರಿಗೆ ಕೈಮಡ ಇದ್ದ ಹಾಗೆಯೇ ಇರಬೇಕು.

ನಿವೃತ್ತ ಮೇಷ್ಟ್ರು:

ಕಣ್ಣು ತುಂಬಿ ಬಂತು ಕಾಫಿಯವರೇ. ನಮ್ಮ ಕಡೆ ಊರ ಬಾಗಿಲಲ್ಲಿ, ಕೆರೆ ಏರಿ ಮೇಲೆ ವೀರಗಲ್ಲು ಇರುತ್ತವಲ್ಲ, ಅವೂ ಇದೇ. ತುರು ಕಾಯಲು, ಊರು ಉಳಿಸಲು ಸತ್ತವರ ಕಲ್ಲು. ಕೆಳಗಿನ ಅಂಕಣದಲ್ಲಿ ಕಾಳಗ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಎಷ್ಟೋ ಕಲ್ಲಿನ ಮೇಲೆ ಹೆಸರು ಅಳಿಸಿಹೋಗಿದೆ. ಊರವರು ಎಣ್ಣೆ ಹಚ್ಚುವುದನ್ನು ಮಾತ್ರ ಬಿಟ್ಟಿಲ್ಲ.

ಈಗ ವಿಷಯಕ್ಕೆ. "ಟಿಪ್ಪುವಿನ ಮೊಮ್ಮಗಳು", "ಮೈಸೂರು ರಾಜಕುಮಾರಿ" ಅಂತೆಲ್ಲ ನೂರ್ ಬಗ್ಗೆ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಅದು ಸರಿಯಲ್ಲ. ಆಕೆಯ ತಂದೆ ಹಜರತ್ ಇನಾಯತ್ ಖಾನ್ 1882ರಲ್ಲಿ ಬರೋಡಾದಲ್ಲಿ ಹುಟ್ಟಿದವರು. ಸಂಗೀತಗಾರ, ಸೂಫಿ ಗುರು. ಅವರ ತಾಯಿಯ ತಂದೆ ಮೌಲಾಬಕ್ಷ್. ಈ ಮೌಲಾಬಕ್ಷ್ ಮೈಸೂರು ಅರಮನೆಯಲ್ಲಿ ಹಾಡಿ ಮನ್ನಣೆ ಪಡೆದವರು, ಹಿಂದೂಸ್ತಾನಿಯ ಜೊತೆ ಕರ್ನಾಟಕ ಸಂಗೀತವನ್ನೂ ಕಲಿತವರು. ಅವರ ಹೆಂಡತಿ ಕಾಸಿಂಬಿ ಟಿಪ್ಪುವಿನ ಮೊಮ್ಮಗಳು ಅಂತ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಹಾಗೆ ಲೆಕ್ಕ ಹಾಕಿದರೆ ನೂರ್ ಟಿಪ್ಪುವಿನ ಮೊಮ್ಮಗಳ ಮಗಳ ಮೊಮ್ಮಗಳು. ತಾಯಿ ಅಮೆರಿಕದವರು. ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ, ಬೆಳೆದಿದ್ದು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ. ಮಕ್ಕಳಿಗೆ ಜಾತಕ ಕಥೆಗಳನ್ನು ಬರೆದ ಮೃದು ಮನಸ್ಸಿನ ಹುಡುಗಿ. ಆ ಪುಸ್ತಕ 1939ರಲ್ಲಿ ಬಂತು.

ನಮ್ಮ ನೆಲದ ನಂಟು ನಿಜ. ಆದರೆ ಇಷ್ಟೇ ಎಳೆ. ಎಳೆ ತೆಳುವಾಗಿದ್ದರೂ ಗಟ್ಟಿಯಾಗಿದೆ, ಅದನ್ನು ಹಗ್ಗ ಮಾಡುವುದು ಬೇಡ.

ಖಡಕ್ ಮಾತು:

ಎಲ್ಲರೂ ಭಾವುಕರಾಗಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಟಿಪ್ಪುವನ್ನು 1799ರಲ್ಲಿ ಕೊಂದವರು ಬ್ರಿಟಿಷರು. ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿ ಇಟ್ಟು, 1806ರ ದಂಗೆಯ ನಂತರ ಕಲ್ಕತ್ತೆಗೆ ಅಟ್ಟಿದವರೂ ಅವರೇ. ನೂರ್ ಹೋಗಿ ಸೇರಿದ್ದು ಅವರದೇ ಸೈನ್ಯ. ಅವರ ಚರ್ಚಿನಲ್ಲಿ ಅವರ ಪೈಲಟ್‌ಗಳ ನೆನಪು ಇರಲಿ, ಸರಿ. ನಾವು ಯಾಕೆ ಹೂವು ಇಡಬೇಕು? ಕೇಳಲೇಬೇಕು ಅನ್ನಿಸಿತು.

ಗಂಜಾಂ ಹುಡುಗಿ:

ಬೇಜಾರಿಲ್ಲ, ನನಗೂ ಈ ಪ್ರಶ್ನೆ ಇತ್ತು. ಗುಂಬಜ್ ನೋಡಿಕೊಂಡು ಬೆಳೆದವಳು ನಾನು.

ನೂರ್ ಇದನ್ನು ಮುಚ್ಚಿಟ್ಟವರಲ್ಲ. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಭಾರತದ ಬಗ್ಗೆ ಕೇಳಿದಾಗ, ಯುದ್ಧ ಇರುವವರೆಗೆ ಬ್ರಿಟನ್ ಪರ ನಿಲ್ಲುತ್ತೇನೆ, ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಕಡೆ ನಿಲ್ಲಬೇಕಾಗಬಹುದು ಅಂತ ಅವರ ಮುಖಕ್ಕೇ ಹೇಳಿದರು. ಕೆಲಸ ಸಿಗುವುದಿಲ್ಲ ಅಂದುಕೊಂಡರು. ಆದರೂ ಹೇಳಿದರು. ಮತ್ತೆ, ಅವರು ಎದ್ದು ನಿಂತಿದ್ದು ನಾಜಿಗಳ ವಿರುದ್ಧ. 1940ರ ಜೂನ್‌ನಲ್ಲಿ ಜರ್ಮನ್ನರು ಪ್ಯಾರಿಸಿಗೆ ಬಂದಾಗ ಮನೆ ಬಿಟ್ಟು ಓಡಿಬಂದವರು ಅವರು. ತಿರುಗಿ ಹೋಗಿದ್ದೂ ಅದೇ ಪ್ಯಾರಿಸಿಗೆ.

ಆ ಪೈಲಟ್‌ಗಳೂ ಅಷ್ಟೇ. ಬೇರೆಯವರ ನಾಡು ಬಿಡುಗಡೆಯಾಗಲಿ ಅಂತ ಹೋದವರು. ಆ ಹೂವನ್ನು ನಾನು ಸಾಮ್ರಾಜ್ಯಕ್ಕೆ ಇಟ್ಟಿಲ್ಲ ಅಣ್ಣ.

ಖಡಕ್ ಮಾತು:

ಸಂದರ್ಶನದ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ.

ತಂತಿಮನೆ:

ನಾನು ಹ್ಯಾಮ್ ರೇಡಿಯೋದವನು, ಹವ್ಯಾಸಕ್ಕೆ ರೇಡಿಯೋ ಸಂದೇಶ ಕಳಿಸುವವನು. ಮೋರ್ಸ್ ಇವತ್ತಿಗೂ ಬಡಿಯುತ್ತೇನೆ. ನೂರ್ ಕೆಲಸ ಏನು ಅಂತ ಯಾರೂ ಬಿಡಿಸಿ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಕೆ ವೈರ್‌ಲೆಸ್ ಆಪರೇಟರ್, ಅಂದರೆ ಮೋರ್ಸ್ ಕೀ ಒತ್ತಿ ರೇಡಿಯೋದಲ್ಲಿ ಸಂದೇಶ ಕಳಿಸುವವರು. ಬ್ರಿಟನ್ನಿನ ಎಸ್‌ಒಇ ಅನ್ನೋ ಗುಪ್ತ ಸಂಸ್ಥೆ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ಆಪರೇಟರ್. ಆ ಕಾಲದ ಸೆಟ್ಟು ಒಂದು ಸೂಟ್‌ಕೇಸಿನಲ್ಲಿ ಕೂರುತ್ತಿತ್ತು, ತೂಕ ಸುಮಾರು 15 ಕಿಲೋ. ಉದ್ದನೆಯ ಏರಿಯಲ್ ತಂತಿ ಕಟ್ಟಬೇಕು. ಮರಕ್ಕೆ ಕಟ್ಟಿದರೆ ಬೀದಿಗೆ ಕಾಣುತ್ತದೆ, ಒಳಗೆ ಕಟ್ಟಿದರೆ ಸಿಗ್ನಲ್ ಹೋಗುವುದಿಲ್ಲ. ಕೀ ಒತ್ತಿದ ಕ್ಷಣದಿಂದ ಶತ್ರುವಿಗೂ ಕೇಳಿಸುತ್ತದೆ. ಜರ್ಮನ್ನರ ವ್ಯಾನುಗಳು ದಿಕ್ಕು ಹುಡುಕುತ್ತಾ ಬರುತ್ತವೆ. ಎರಡು ಮೂರು ಕಡೆಯಿಂದ ಗೆರೆ ಎಳೆದು ಅವು ಕೂಡುವ ಬೀದಿಯನ್ನು ಹಿಡಿಯುತ್ತಾರೆ. ಬೇಗ ಮುಗಿಸಿ ಜಾಗ ಬದಲಿಸುವುದೊಂದೇ ದಾರಿ. ಪ್ಯಾರಿಸಿನಲ್ಲಿ ಒಬ್ಬ ಆಪರೇಟರ್ ಆರು ವಾರ ಉಳಿದರೆ ಹೆಚ್ಚು ಅನ್ನುತ್ತಿದ್ದರು. ನೂರ್ ಸುಮಾರು ನಾಲ್ಕು ತಿಂಗಳು ಉಳಿದರು. ಹೋದ ಕೆಲವೇ ದಿನದಲ್ಲಿ ಸುತ್ತಲಿನವರೆಲ್ಲ ಸಿಕ್ಕಿಬಿದ್ದರು. ಲಂಡನ್ ವಾಪಸ್ ಬಾ ಅಂದಿತು. ಬರಲಿಲ್ಲ. ತಾನೂ ಹೊರಟರೆ ಮಾತಾಡುವ ದಾರಿಯೇ ಮುಚ್ಚುತ್ತದೆ ಅಂತ.

ಒಂದು ತಪ್ಪೂ ಆಯಿತು, ಹೇಳಬೇಕು. ಕಳಿಸಿದ ಸಂದೇಶಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಅಕ್ಟೋಬರ್‌ನಲ್ಲಿ ಹಿಡಿದಾಗ ಅದೂ ಜರ್ಮನ್ನರ ಕೈಗೆ ಹೋಯಿತು. ಅದನ್ನು ಇಟ್ಟುಕೊಂಡು ಅವರೇ ನೂರ್ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸಿದರು. ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಹೊಸದಾಗಿ ಪ್ಯಾರಾಚೂಟಿನಲ್ಲಿ ಇಳಿದವರನ್ನು ನೆಲದ ಮೇಲೆ ಕಾಯುತ್ತಿದ್ದದ್ದು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೋ. ಅವರಲ್ಲಿ ಮ್ಯಾಡ್ಲೀನ್ ದಾಮೆರ್ಮಾನ್ ಅನ್ನೋ ಹುಡುಗಿಯೂ ಇದ್ದಳು. ಅದೇ ವರ್ಷ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಹೌ ಅನ್ನೋ ನಾಜಿ ಸೆರೆ ಕ್ಯಾಂಪಿನಲ್ಲಿ ನೂರ್ ಜೊತೆ ಗುಂಡಿಗೆ ಬಲಿಯಾದ ಮೂವರಲ್ಲಿ ಆಕೆಯೂ ಒಬ್ಬಳು. ಇದನ್ನು ಮೊದಲ ಸಲ ಓದಿದ ದಿನ ನನಗೆ ಕೀ ಮುಟ್ಟಲಾಗಲಿಲ್ಲ.

ಜಾಲಹಳ್ಳಿ ಮಾವ:

ತಂತಿಮನೆಯವರೇ, ಸರಿಯಾಗಿ ಹೇಳಿದಿರಿ. ಆ ಜೂನ್ ರಾತ್ರಿಯ ಬಗ್ಗೆ ಇನ್ನೂ ಒಂದು. ಎರಡು ಲೈಸಾಂಡರ್ ಹೋಗಿದ್ದವು. ಮೂವರು ಹೆಂಗಸರು: ನೂರ್, ಡಯಾನಾ ರೌಡನ್, ಸಿಸಿಲಿ ಲೆಫೋರ್. ಆಂಜೇ ಊರಿನ ಹತ್ತಿರದ ಹೊಲದಲ್ಲಿ ಇಳಿದರು. ಡಯಾನಾರನ್ನು ನಾಟ್ಸ್‌ವೈಲರ್ ಕ್ಯಾಂಪಿನಲ್ಲಿ ಕೊಂದರು. ಸಿಸಿಲಿ ರಾವೆನ್ಸ್‌ಬ್ರುಕ್‌ನಲ್ಲಿ ಸತ್ತರು. ಮೂವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಆ ರಾತ್ರಿ ಪೈಲಟ್‌ಗಳು ತಮ್ಮ ಕೆಲಸವನ್ನು ಒಂದು ಚೂರೂ ತಪ್ಪಿಲ್ಲದೆ ಮುಗಿಸಿ ಬಂದಿದ್ದರು. ಆಮೇಲೆ ಸುದ್ದಿ ತಿಳಿದಾಗ ಅವರಿಗೆ ಹೇಗಾಗಿರಬೇಡ!

ಚರ್ಚಿನಲ್ಲಿ ನೆನೆಯುವವರ ಬಗ್ಗೆ ಕೇಳಿದೆಯಲ್ಲಮ್ಮ. ಎಲ್ಲರೂ ಶತ್ರುವಿನ ಗುಂಡಿಗೇ ಸತ್ತರು ಅಂದುಕೊಳ್ಳಬೇಡ. 1943ರ ಡಿಸೆಂಬರ್ 16ರ ರಾತ್ರಿ ಫ್ರಾನ್ಸಿಗೆ ಹೋಗಿ ಕೆಲಸ ಮುಗಿಸಿ ಬಂದ ಲೈಸಾಂಡರ್‌ಗಳಿಗೆ ಇಂಗ್ಲೆಂಡೇ ಕಾಣಲಿಲ್ಲ. ಅಷ್ಟು ಮಂಜು. ಹ್ಯಾಂಕಿ ಮತ್ತು ಮೆಕ್‌ಬ್ರೈಡ್ ಅನ್ನೋ ಇಬ್ಬರು ಪೈಲಟ್‌ಗಳು ಮನೆ ಬಾಗಿಲಲ್ಲೇ ಸತ್ತರು. ಟೆಂಪ್ಸ್‌ಫರ್ಡ್ ಕೂಡ ತಗ್ಗಿನ ಜಾಗ, ಒದ್ದೆ ನೆಲ, ಮಂಜು ಜಾಸ್ತಿ.

138ನೇ ಸ್ಕ್ವಾಡ್ರನ್‌ನವರದು ಹ್ಯಾಲಿಫ್ಯಾಕ್ಸ್ ಅನ್ನೋ ನಾಲ್ಕು ಎಂಜಿನಿನ ದೊಡ್ಡ ವಿಮಾನ. ಒಂದು ಬಿದ್ದರೆ ಏಳೆಂಟು ಮನೆಗೆ ತಂತಿ. ಬಂದೂಕು, ಮದ್ದು, ರೇಡಿಯೋ ತುಂಬಿದ ಉದ್ದನೆಯ ಡಬ್ಬಗಳನ್ನು ಪ್ಯಾರಾಚೂಟ್ ಕಟ್ಟಿ ಬೀಳಿಸಬೇಕು. ಎತ್ತರದಿಂದ ಬಿಟ್ಟರೆ ಗಾಳಿಗೆ ಚದುರಿಹೋಗುತ್ತವೆ. ಹಾಗಾಗಿ ಗುಡ್ಡ ಬೆಟ್ಟಗಳ ನಡುವೆ ಐನೂರು ಆರುನೂರು ಅಡಿಗೆ ಇಳಿಯಬೇಕು, ರಾತ್ರಿ, ದೀಪ ಹಚ್ಚದೆ. ಫ್ರಾನ್ಸ್ ಅಷ್ಟೇ ಅಲ್ಲ, ನಾರ್ವೆ, ಪೋಲೆಂಡ್‌ವರೆಗೂ ಹೋಗುತ್ತಿದ್ದರು. ಪೋಲೆಂಡಿನ ಹುಡುಗರು ಸ್ವಂತ ನಾಡಿನ ಮೇಲೆ ಹಾರಿ, ಡಬ್ಬ ಬೀಳಿಸಿ, ಇಳಿಯದೆ ತಿರುಗಿ ಬರಬೇಕಿತ್ತು. ಕೆಳಗೆಲ್ಲೋ ಅಪ್ಪ ಅಮ್ಮ ಇರುತ್ತಾರೆ.

161ಕ್ಕೆ ಮುಂದಾಳಾಗಿದ್ದ ಪಿಕಾರ್ಡ್ ಅನ್ನೋವರು ಮುಂದೆ ಬೇರೆ ಕಡೆಗೆ ಹೋಗಿ, 1944ರ ಫೆಬ್ರವರಿ 18ರಂದು ಆಮಿಯಾಂ ಜೈಲಿನ ಮೇಲಿನ ದಾಳಿಯಲ್ಲಿ ಸತ್ತರು. ಒಳಗಿದ್ದ ಕೈದಿಗಳು ತಪ್ಪಿಸಿಕೊಳ್ಳಲಿ ಅಂತ ಜೈಲಿನ ಗೋಡೆ ಒಡೆಯಲು ಹೋದ ದಾಳಿ ಅದು.

ಸಣ್ಣ ಪ್ರಶ್ನೆ:

ಹಳ್ಳಿಯವರಿಗೆ ಇದೆಲ್ಲ ಆಗಲೇ ಗೊತ್ತಿತ್ತಾ?

ಗಂಜಾಂ ಹುಡುಗಿ:

ವಿಮಾನ ಹಾರುವುದು ಕಿವಿಗೆ ಬೀಳುತ್ತಿತ್ತು. ಒಳಗೆ ಯಾರು ಕೂತಿದ್ದಾರೆ ಅನ್ನೋದು ಗುಟ್ಟು. ಪಕ್ಕದಲ್ಲೇ ಲಂಡನ್‌ನಿಂದ ಉತ್ತರಕ್ಕೆ ಹೋಗುವ ದೊಡ್ಡ ರೈಲು ದಾರಿ ಇದೆ. ದಿನಾ ಸಾವಿರಾರು ಜನ ಆ ಹೊಲ ದಾಟಿ ಹೋಗುತ್ತಿದ್ದರು, ಅಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯದೆ. ನಾನೂ ಕೆಲಸಕ್ಕೆ ಹೋಗುವಾಗ ಎಷ್ಟೋ ಸಲ ಅದೇ ರೈಲಿನಲ್ಲಿ ಫೋನ್ ನೋಡುತ್ತಾ ಹೋಗಿದ್ದೇನೆ.

ಕೊಡಗಿನ ಕಾಫಿ:

ನೂರ್ ಅವರ ಸಮಾಧಿ ಎಲ್ಲಿದೆ?

ನಿವೃತ್ತ ಮೇಷ್ಟ್ರು:

ಇಲ್ಲ. ಡಾಹೌದಲ್ಲಿ ಸುಟ್ಟುಬಿಟ್ಟರು. ಲಂಡನ್ ಹತ್ತಿರ ರನ್ನಿಮೀಡ್‌ನಲ್ಲಿ ಏರ್‌ಫೋರ್ಸಿನ ದೊಡ್ಡ ಸ್ಮಾರಕ ಇದೆ. ಸಮಾಧಿಯಿಲ್ಲದ 20,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿ ಕೆತ್ತಿದ್ದಾರೆ. ಆಕೆಯ ಹೆಸರೂ ಅಲ್ಲಿದೆ. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಕೊಟ್ಟರು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆ ಇಟ್ಟರು.

ಕೊಡಗಿನ ಕಾಫಿ:

ನಮ್ಮ ದೊಡ್ಡತಾತನ ಹೆಸರೂ ಹಾಗೆಯೇ ಇದೆ ಮೇಷ್ಟ್ರೇ. ರಂಗೂನ್ ಹತ್ತಿರ ಟೌಕ್ಯಾನ್‌ನಲ್ಲಿ. ಅಲ್ಲಿ ಸುಮಾರು 27,000 ಹೆಸರು ಕೆತ್ತಿದ್ದಾರೆ. ನಮ್ಮ ಮನೆಯಿಂದ ಯಾರೂ ಹೋಗಿಲ್ಲ. ಅಲ್ಲಿಗೆ ಹೋಗಿದ್ದ ಪರಿಚಯದವರೊಬ್ಬರು ಫೋಟೋ ತೆಗೆದು ಕಳಿಸಿದರು. ಅಜ್ಜಿಯ ಕಣ್ಣು ಮಂಜಾಗಿತ್ತು. ಫೋಟೋ ದೊಡ್ಡದು ಮಾಡಿ, ಅವರ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಆಡಿಸಿದೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ ಅವರಿಗೆ. ಎಲ್ಲಿಂದ ಎಲ್ಲಿಯವರೆಗೆ ಹೆಸರು ಅಂತ ಕೇಳಿದರು. ತೋರಿಸಿದೆ.

ಗಂಜಾಂ ಹುಡುಗಿ:

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಒಂದು ಸುದ್ದಿ ಹೇಳಬೇಕು. ಟೆಂಪ್ಸ್‌ಫರ್ಡ್ ಸುತ್ತ ಹೊಸ ಪಟ್ಟಣ ಕಟ್ಟುವ ಮಾತು ನಡೆದಿದೆ. ಸರ್ಕಾರ ನೇಮಿಸಿದ ತಂಡ 2025ರಲ್ಲಿ ಹೊಸ ಪಟ್ಟಣಗಳಿಗೆ ಸೂಚಿಸಿದ ಜಾಗಗಳಲ್ಲಿ ಇದೂ ಇದೆ. ಹೊಸ ರೈಲ್ವೆ ಸ್ಟೇಷನ್ ಕೂಡ ಬರುತ್ತದಂತೆ. ಜನಕ್ಕೆ ಮನೆ ಬೇಕು, ಅದಕ್ಕೆ ನಾನು ಅಡ್ಡ ಹೇಳುವುದಿಲ್ಲ. ಆ ಕಣಜ ಮಾತ್ರ ಈಗಿರುವ ಹಾಗೆಯೇ, ಸುತ್ತ ಸ್ವಲ್ಪ ಬಯಲು ಇಟ್ಟುಕೊಂಡು ಉಳಿಯಬೇಕು. ಅಲ್ಲಿ ನಿಂತರೆ ಆಕಾಶ ಕಾಣಬೇಕು. ಈ ಬಗ್ಗೆ ಅಭಿಪ್ರಾಯ ಕೇಳಿದಾಗ ಇಲ್ಲಿರುವ ನಾವು ನಾಲ್ಕು ಕನ್ನಡದವರೂ ಬರೆಯೋಣ ಅಂತಿದ್ದೇನೆ.

ತಂತಿಮನೆ:

ಖಂಡಿತ ಬರೆಯಿರಿ. ಅಕ್ಕ, ನಾನು ನವೆಂಬರ್‌ನಲ್ಲಿ ಲಂಡನ್ನಿಗೆ ಬರುತ್ತಿದ್ದೇನೆ, ತಂಗಿ ಮನೆಗೆ. ಅಲ್ಲಿಗೆ ಹೋಗುವುದು ಹೇಗೆ?

ಗಂಜಾಂ ಹುಡುಗಿ:

ಲಂಡನ್ ಕಿಂಗ್ಸ್ ಕ್ರಾಸ್ ಕಡೆಯಿಂದ ರೈಲು ಹತ್ತಿ ಸ್ಯಾಂಡಿ ಅನ್ನೋ ಸ್ಟೇಷನ್ನಿನಲ್ಲಿ ಇಳಿಯಿರಿ. ಟೆಂಪ್ಸ್‌ಫರ್ಡ್ ಅಲ್ಲಿಂದ ಹತ್ತಿರ. ನಾನು ಕಾರು ತರುತ್ತೇನೆ. ನವೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಬೆಳಿಗ್ಗೆಯೇ ಬನ್ನಿ. ಮೊದಲು ಚರ್ಚು, ಆಮೇಲೆ ಕಣಜ. ದಾರಿ ಕೆಸರು, ಬೂಟು ಹಾಕಿಕೊಳ್ಳಿ. ಮೋರ್ಸ್ ಕೀ ತರಲು ಆಗುತ್ತದಾ? ಆ ಕಣಜದೊಳಗೆ ಒಂದು ಸಲ ಅದರ ಸದ್ದು ಕೇಳಬೇಕು ಅಂತ ಆಸೆ.

ತಂತಿಮನೆ:

ತರುತ್ತೇನೆ. ಚಿಕ್ಕದು, ಕೈಚೀಲದಲ್ಲಿ ಹಿಡಿಯುತ್ತದೆ.